ಉಣ್ಣೆಗೆ ಮೈಲಿಗೆಯಿಲ್ಲ

ಆರ್.ಟಿ. ನಗರದಲ್ಲಿ ನಾನು ಬೆಳೆದ ಬಾಡಿಗೆ ಮನೆಯಲ್ಲಿ ಗೋಡೆಗಳಿಗಿಂತ ಗೆರೆಗಳು ಹೆಚ್ಚು. ಗೋಡೆ ಕಣ್ಣಿಗೆ ಕಾಣುತ್ತಿತ್ತು, ಗೆರೆ ಕಾಣುತ್ತಿರಲಿಲ್ಲ. ಆದರೆ ಗೋಡೆಗೆ ಹಣೆ ಜಜ್ಜಿಕೊಂಡದ್ದಕ್ಕಿಂತ ಗೆರೆ ದಾಟಿ ಬೈಸಿಕೊಂಡದ್ದೇ ನನಗೆ ಹೆಚ್ಚು ನೆನಪು. ಮುಂದುಗಡೆ ಗ್ರಿಲ್ ಹಾಕಿದ ಪುಟ್ಟ ವರಾಂಡ, ಅದರಲ್ಲೊಂದು ಕಲ್ಲುಬೆಂಚು. ಬಾಗಿಲು ದಾಟಿದರೆ ಕೆಂಪು ಗಾರೆ ನೆಲದ ನಡುಮನೆ. ಅಮ್ಮ ಆ ನೆಲವನ್ನು ತೆಂಗಿನೆಣ್ಣೆ ಹಚ್ಚಿದ ಬಟ್ಟೆಯಿಂದ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಹೊಳೆಯಿಸಿದ್ದಳು. ನಡುಮನೆಯ ಆಚೆ ಅಡುಗೆಮನೆ, ಅದರಾಚೆ ಬಚ್ಚಲು, ಹಿತ್ತಿಲು, ತುಳಸಿ ಗಿಡ. ಅಜ್ಜಿ, ಅಂದರೆ ಅಪ್ಪನ ತಾಯಿ, ಬೆಳಗ್ಗೆ ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದ ಹಾಗೆ ಬಿದಿರ ಗಳುವಿನ ಮೇಲೆ ಒಣಗಿದ ಸೀರೆಯುಟ್ಟು ಮಡಿಯಾದಳೆಂದರೆ ಅಡುಗೆಮನೆಯ ಹೊಸ್ತಿಲಿನಿಂದ ತುಳಸಿ ಗಿಡದವರೆಗೆ ಅವಳದೇ ರಾಜ್ಯ. ನಾವು ಅವಳನ್ನು ಮುಟ್ಟುವಂತಿಲ್ಲ, ಅವಳು ಕೂತ ಮಣೆಯನ್ನು ಮುಟ್ಟುವಂತಿಲ್ಲ, ಒಂದೇ ಬಟ್ಟೆಯ ಎರಡು ತುದಿಯಲ್ಲಿ ಅವಳೂ ನಾವೂ ಕೂರುವಂತಿಲ್ಲ. ಹತ್ತಿಬಟ್ಟೆಯ ಮೂಲಕ ಮೈಲಿಗೆ ಹರಿದು ಬಂದು ತನ್ನನ್ನು ಸೇರುತ್ತದೆಂದು ಅವಳ ನಂಬಿಕೆ. ಕರೆಂಟಿನ ಬಗ್ಗೆ ನಮ್ಮ ಮೇಷ್ಟ್ರು ಪಾಠ ಮಾಡಿದಾಗ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಅರ್ಥವಾದದ್ದು ನನಗೇ.

ಅಪ್ಪ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಈರುಳ್ಳಿ ಮಂಡಿಯಲ್ಲಿ ಗುಮಾಸ್ತೆಯಾಗಿದ್ದ. ಅಜ್ಜಿಯ ಅಡುಗೆಮನೆಗೆ ಈರುಳ್ಳಿ ಬರುವಂತಿರಲಿಲ್ಲ. ಈರುಳ್ಳಿಯ ಸಂಬಳ ಮಾತ್ರ ಬರಬಹುದಿತ್ತು. ಸಂಜೆ ಅಪ್ಪ ಬಸ್ಸಿಳಿದು ಬಂದರೆ ಶರ್ಟನ್ನು ವರಾಂಡದ ಮೊಳೆಗೆ ನೇತುಹಾಕಿ, ಪಕ್ಕದ ಸಂದಿಯಿಂದ ಹಿತ್ತಿಲಿಗೆ ಸುತ್ತಿ ಹೋಗಿ, ಕೈಕಾಲು ಮುಖ ತೊಳೆದು ಒಳಗೆ ಬರಬೇಕು. ಅವನು ಅದನ್ನು ಒಂದು ದಿನವೂ ಗೊಣಗದೆ ಮಾಡುತ್ತಿದ್ದ. ಅಪ್ಪನ ಸ್ವಭಾವವೇ ಹಾಗೆ, ಯಾರು ಏನು ಹೇಳಿದರೂ ತಲೆಯಾಡಿಸುವುದು. ಈ ತಲೆಯಾಡಿಸುವ ಗುಣವೇ ಮುಂದೆ ನಮ್ಮ ಮನೆಯನ್ನು ಕಾಪಾಡಿತು ಎಂದು ನಾನು ಈಗಲೂ ನಂಬಿದ್ದೇನೆ.

ಅಜ್ಜಿಗೆ ಒಂದೇ ಒಂದು ಚಟವಿತ್ತು, ಚೌಕಾಬಾರ. ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ನೆಲದಲ್ಲಿ ಸೀಮೆಸುಣ್ಣದಿಂದ ಐದೈದು ಮನೆ ಎಳೆದು, ಹುಣಸೆ ಬೀಜದ ಕಾಯಿ ಇಟ್ಟು, ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಆಡಲು ಕೂರುತ್ತಿದ್ದಳು. ಅಮ್ಮನಿಗೆ ಪುರುಸೊತ್ತಿಲ್ಲ, ಅಪ್ಪ ಮಂಡಿಯಲ್ಲಿ, ನಾನು ಶಾಲೆಯಲ್ಲಿ. ಹಾಗಾಗಿ ಎರಡೂ ಕಡೆ ಅವಳೇ ಆಡುತ್ತಿದ್ದಳು. ತನ್ನ ಕಾಯನ್ನು ತಾನೇ ಹೊಡೆದು, 'ಅಯ್ಯೋ, ಹೋಯ್ತಲ್ಲೇ ನಿಂದು' ಎಂದು ಎದುರಿನ ಖಾಲಿ ಜಾಗಕ್ಕೆ ಹೇಳುತ್ತಿದ್ದಳು. ರಜೆಯ ದಿನ ಅದನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ಅದು ನಗುವ ವಿಷಯವಲ್ಲವೆಂದು ತಿಳಿಯಲು ನನಗೂ ವಯಸ್ಸಾಗಬೇಕಾಯಿತು.

ಅಮ್ಮನಿಗೆ ಇದ್ದದ್ದು ಶಾಹಿದಾ ಆಂಟಿ. ಪಕ್ಕದ ಮನೆಯವರು, ನಮ್ಮೆರಡು ಮನೆಗಳ ನಡುವೆ ಎದೆಯೆತ್ತರದ ಒಂದು ಕಾಂಪೌಂಡು ಗೋಡೆ. ಅವರ ಮಗಳು ರೆಹಾನಾ ನನ್ನ ತರಗತಿಯವಳೇ. ಶಾಹಿದಾ ಆಂಟಿ ಬ್ಲೌಸ್ ಹೊಲಿಯುವುದರಲ್ಲಿ ಗಟ್ಟಿಗರು, ಅಮ್ಮ ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಗಟ್ಟಿಗಿತ್ತಿ. ಮಧ್ಯಾಹ್ನ ಇಬ್ಬರೂ ನಮ್ಮ ವರಾಂಡದ ಕಲ್ಲುಬೆಂಚಿನ ಮೇಲೆ ಕೂತು ಕೈಗೆ ಕೆಲಸ, ಬಾಯಿಗೆ ಮಾತು. ಅಮ್ಮ ಅಷ್ಟು ಗಟ್ಟಿಯಾಗಿ ನಗಬಲ್ಲಳೆಂದು ನನಗೆ ಗೊತ್ತಾದದ್ದೇ ಆ ವರಾಂಡದಲ್ಲಿ. ಅಡುಗೆಮನೆಯಲ್ಲಿ ಅವಳು ಎಂದೂ ಹಾಗೆ ನಕ್ಕವಳಲ್ಲ. ಶಾಹಿದಾ ಆಂಟಿ ಬಾಗಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಯಾರೂ ಹೇಳಿರಲಿಲ್ಲ. ಅಜ್ಜಿ ಅವರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. 'ಪಕ್ಕದ ಮನೆಯವಳು' ಎನ್ನುತ್ತಿದ್ದಳು.

ನನ್ನ ಒಂದು ಹುಟ್ಟುಹಬ್ಬದ ದಿನ ಮಳೆ ಹೊಯ್ಯಿತು. ಇರಚಲು ಹೊಡೆದು ವರಾಂಡವೆಲ್ಲ ನೀರು. ಕರೆದಿದ್ದ ಹುಡುಗಿಯರನ್ನು ಅಮ್ಮ ನಡುಮನೆಗೆ ಕರೆದು, ತವರಿನವರು ಮದುವೆಯಲ್ಲಿ ಕೊಟ್ಟಿದ್ದ ನೀಲಿ-ಕೆಂಪು ಪಟ್ಟೆಯ ದೊಡ್ಡ ಜಮಖಾನ ಹಾಸಿ ಕೂರಿಸಿದಳು. ರೆಹಾನಾಳನ್ನು ಕರೆದೊಯ್ಯಲು ಕೊಡೆ ಹಿಡಿದು ಬಂದ ಶಾಹಿದಾ ಆಂಟಿಯನ್ನೂ ಕೈಹಿಡಿದು ಒಳಗೆ ಎಳೆದುಕೊಂಡು ಬಂದು ಕೂರಿಸಿ, ಹೆಸರುಬೇಳೆ ಪಾಯಸ ಕೊಟ್ಟಳು. ಅಜ್ಜಿ ಅಡುಗೆಮನೆಯ ಹೊಸ್ತಿಲಿನೊಳಗೆ ನಿಂತು ನೋಡಿದಳು, ಒಂದು ಮಾತೂ ಆಡಲಿಲ್ಲ. ಮಾತಾಡಿದ್ದು ಮಾರನೆಯ ಬೆಳಗ್ಗೆ.

"ಲಲಿತಾ, ಆ ಜಮಖಾನ ಒಗೆದ್ಬಿಡು."

"ಮೋಡ ಮುಚ್ಕೊಂಡಿದೆ ಅತ್ತೆ. ಒಣಗೋದಿಲ್ಲ. ಬಿಸಿಲು ಬಂದ ದಿನ ಒಗೀತೀನಿ."

"ಒಣಗದಿದ್ರೆ ಇಲ್ಲ. ಒಗೆದಂತೂ ಆಗ್ಬೇಕು."

ಒದ್ದೆ ಜಮಖಾನದ ಭಾರ ಹಿಂಡಿದವರಿಗೇ ಗೊತ್ತು. ಅಮ್ಮ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಹಿತ್ತಿಲಿನ ಸೀಬೆ ಮರಕ್ಕೆ ಸುತ್ತಿ ಹಿಂಡಿದಳು. ಅದನ್ನು ತಡೆಯುವಂಥ ಹಗ್ಗ ನಮ್ಮಲ್ಲಿರಲಿಲ್ಲ. ಹಾಗಾಗಿ ಕಾಂಪೌಂಡು ಗೋಡೆಯ ಮೇಲೆ ಹರವಿದಳು. ಮಳೆ ಬಿಟ್ಟು ಬಿಟ್ಟು ಬರುತ್ತಲೇ ಇತ್ತು, ಜಮಖಾನ ಒಣಗಲಿಲ್ಲ. ಎರಡು ಮನೆಗಳ ನಡುವೆ, ಆಚೆಯವರು ಅಡುಗೆಮನೆಯ ಕಿಟಕಿ ತೆರೆದರೆ ನೇರ ಕಣ್ಣಿಗೆ ಬೀಳುವ ಹಾಗೆ, ಅದು ದಿನಗಟ್ಟಲೆ ಅಲ್ಲೇ ನೇತಾಡಿತು. ಇಷ್ಟು ಮಳೆಯಲ್ಲಿ ಯಾರಾದರೂ ಜಮಖಾನ ಒಗೆಯುತ್ತಾರೆಯೇ, ಒಗೆದರೆ ಯಾಕೆ ಒಗೆದರು ಎನ್ನುವುದು ತಿಳಿಯಲು ಶಾಹಿದಾ ಆಂಟಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಮಧ್ಯಾಹ್ನ ಅವರು ಬರುವುದು ನಿಂತುಹೋಯಿತು. ಅಮ್ಮ ಗೋಡೆಯ ಹತ್ತಿರ ನಿಂತು ಕರೆದರೆ, 'ಕೆಲ್ಸ ಇದೆ ಲಲಿತಾ' ಎಂದು ಒಳಗಿನಿಂದಲೇ ಹೇಳುತ್ತಿದ್ದರು. ಶಾಲೆಯಲ್ಲಿ ರೆಹಾನಾ ಬೇರೆ ಬೆಂಚಿಗೆ ಹೋಗಿ ಕೂತಳು. ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು, ನಾಚಿಕೆಯಾಗಿತ್ತು.

ಅಮ್ಮ ಜಗಳವಾಡುವವಳಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಮಧ್ಯಾಹ್ನ ಒಬ್ಬಳೇ ಕಲ್ಲುಬೆಂಚಿನ ಮೇಲೆ ಕೂತು ಕುಚ್ಚು ಕಟ್ಟುತ್ತಿದ್ದಳು, ಒಳಗೆ ಅಜ್ಜಿ ಒಬ್ಬಳೇ ಎರಡೂ ಕಡೆ ಚೌಕಾಬಾರ ಆಡುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ಜೊತೆಯಿಲ್ಲ. ಊಟಕ್ಕೆ ಕೂತಾಗ ಸೌಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಪ್ಪ ಸಾರು ಚೆನ್ನಾಗಿದೆ ಎಂದು ಗಾಳಿಗೆ ಹೇಳಿ ಎದ್ದುಹೋಗುತ್ತಿದ್ದ. ಅಮ್ಮನ ಮುಖ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ದಾರಿ ತೋರಿಸಿದ್ದು ಅದೇ ಮಳೆ. ಸೀರೆಗಳೊಂದೂ ಒಣಗದೆ ಅಜ್ಜಿ ಪೆಟ್ಟಿಗೆಯಿಂದ ತನ್ನ ದಾವಳಿಯನ್ನು ತೆಗೆದು ಉಡತೊಡಗಿದಳು. ದಾವಳಿಯೆಂದರೆ ಉಣ್ಣೆಯ ಮಡಿಬಟ್ಟೆ. ಕಂದು ಬಣ್ಣ, ಒರಟು ಮೈ, ಉಟ್ಟರೆ ಮೈಯೆಲ್ಲ ಚುಚ್ಚುತ್ತದೆ. ಅದನ್ನು ದಿನಾ ಒಗೆಯಬೇಕಿಲ್ಲ. ಒಂದು ಬೆಳಗ್ಗೆ ಅಮ್ಮ ತರಕಾರಿ ಹೆಚ್ಚುತ್ತ, ತೀರ ಸಾಧಾರಣ ಧ್ವನಿಯಲ್ಲಿ ಕೇಳಿದಳು.

"ಅತ್ತೆ, ದಾವಳಿ ಒಗೆಯೋ ಹಾಗೇ ಇಲ್ವಾ?"

"ಬೇಕಿಲ್ಲ ಕಣೇ. ಉಣ್ಣೆಗೆ ಮೈಲಿಗೆ ಇಲ್ಲ."

"ಯಾರಾದ್ರೂ ಮುಟ್ಟಿದ್ರೆ?"

"ಊರೇ ಮುಟ್ಲಿ. ಉಣ್ಣೆಗೂ ರೇಷ್ಮೆಗೂ ಮೈಲಿಗೆ ಅಂಟೋದಿಲ್ಲ. ನಮ್ಮತ್ತೆ ಹೇಳ್ತಿದ್ರು, ಅವರತ್ತೆ ಅವರಿಗೆ ಹೇಳಿದ್ರು."

ಅಮ್ಮ ಈಳಿಗೆಮಣೆಯಿಂದ ತಲೆ ಎತ್ತಲೇ ಇಲ್ಲ.

"ಹಾಗಾದ್ರೆ ಹಾಲ್‌ಗೆ ಒಂದು ಉಣ್ಣೆ ಕಾರ್ಪೆಟ್ ತಂದ್ಬಿಡೋಣ ಅತ್ತೆ. ಯಾರು ಕೂತೆದ್ರೂ ಒಗೆಯೋ ಗೋಜಿಲ್ಲ. ನನ್ನ ಮಣಿಕಟ್ಟೂ ಉಳಿಯತ್ತೆ."

ಬಲೆ ಅಜ್ಜಿಯದೇ ನೂಲಿನದು, ಹೆಣೆದದ್ದು ಮಾತ್ರ ಸೊಸೆ. ಇಲ್ಲವೆಂದರೆ ಅತ್ತೆಯ ಅತ್ತೆಯ ಮಾತು ಸುಳ್ಳಾಗುತ್ತದೆ, ಹೂಂ ಎಂದರೆ ಪಕ್ಕದ ಮನೆಯವಳು ನಡುಮನೆಗೆ ಬರುತ್ತಾಳೆ. ನಾನು ಹೊಸ್ತಿಲಿನ ಹೊರಗೆ ನಿಂತು ಕೇಳುತ್ತಿದ್ದೆ.

"ತರೋದಾದ್ರೆ ಅಪ್ಪಟ ಉಣ್ಣೇನೇ ತರ್ಬೇಕು" ಎಂದಳು ಅಜ್ಜಿ ಕೊನೆಗೆ. "ನಿಮಗ್ಯಾರಿಗೂ ಅದು ಗೊತ್ತಾಗಲ್ಲ. ನಾನೇ ಬಂದು ನೋಡ್ತೀನಿ."

ಮುಖ್ಯರಸ್ತೆಯ ಒಂದು ಕಲ್ಯಾಣಮಂಟಪದಲ್ಲಿ, ಮದುವೆಗಳಿಲ್ಲದ ತಿಂಗಳಲ್ಲಿ, ಕಾರ್ಪೆಟ್ಟುಗಳ ಪ್ರದರ್ಶನ ಮತ್ತು ಮಾರಾಟ ಹಾಕಿದ್ದರು. ಒಂದು ಭಾನುವಾರ ನಾವು ನಾಲ್ವರೂ ಹೊರಟೆವು. ಅಜ್ಜಿ ದೇವಸ್ಥಾನ ಬಿಟ್ಟು ಬೇರೆಲ್ಲಿಗೂ ಹೊರಡುತ್ತಿದ್ದವಳಲ್ಲ. ಅವಳು ಸೆರಗು ಹೊದ್ದು ಬೀದಿಯಲ್ಲಿ ಮುಂದೆ ಮುಂದೆ ನಡೆದರೆ ಹಣ್ಣಿನ ಗಾಡಿಯವರು, ಆಟೋದವರು ತಿರುಗಿ ನೋಡಿದರು. ಮಂಟಪದೊಳಗೆ ಹಸೆಮಣೆ ಇಡುವ ವೇದಿಕೆಯ ಮೇಲೂ ಊಟದ ಹಾಲಿನಲ್ಲೂ ಗೋಡೆಯುದ್ದಕ್ಕೂ ಕಾರ್ಪೆಟ್ಟುಗಳು. ಕೆಂಪು, ಹಸಿರು, ಮಾವಿನಕಾಯಿ ಬುಟ್ಟಾ, ನವಿಲು, ಬಳ್ಳಿ. ಅಷ್ಟು ಬಣ್ಣವನ್ನು ನಾನು ಒಟ್ಟಿಗೆ ಎಂದೂ ಕಂಡಿರಲಿಲ್ಲ. ಮಾರುವವನು ಉತ್ತರದ ಕಡೆಯವನು, ಗಡ್ಡ ನೆರೆತವನು, ತಾಳ್ಮೆಯ ಮನುಷ್ಯ. ಅವನಿಗೆ ಕನ್ನಡ ಬಾರದು, ನಮಗೆ ಹಿಂದಿ ಬಾರದು. ಮಂಡಿಗೆ ನಾಸಿಕ್ಕಿನಿಂದ ಲಾರಿ ಬರುತ್ತಿದ್ದುದರಿಂದ ಅಪ್ಪನಿಗೆ ಹಿಂದಿ ಬರುತ್ತದೆಂದು ನಮ್ಮ ಮನೆಯಲ್ಲಿ ಒಂದು ನಂಬಿಕೆಯಿತ್ತು. ಅಪ್ಪನಿಗೂ ಆ ನಂಬಿಕೆ ಇತ್ತು.

ಮಾರುವವನು ಮೊದಲು ಒಂದು ತಿಳಿಗಂದು ಕಾರ್ಪೆಟ್ ಬಿಡಿಸಿ ಹಾಸಿದ. ಬಹಳ ಚೆನ್ನಾಗಿತ್ತು, ಮೇಲೆ ಕೈಯಿಟ್ಟರೆ ಬೆಕ್ಕಿನ ಬೆನ್ನು ಸವರಿದಂತಿತ್ತು. ಅವನು ಎದೆ ಮುಟ್ಟಿಕೊಂಡು ಏನೇನೋ ಹೇಳಿದ. ಅಜ್ಜಿ ಕೂತು ಅಂಗೈಯಿಂದ ಸವರಿದಳು, ಬೆರಳುಗಳ ನಡುವೆ ಹೊಸೆದಳು, ಬಗ್ಗಿ ಮೂಸಿದಳು. ಆಮೇಲೆ ಮುಖ ಸಿಂಡರಿಸಿದಳು.

"ಇದು ಉಣ್ಣೆ ಅಲ್ಲ. ಹತ್ತಿ."

"ಯಾಕಮ್ಮಾ?" ಎಂದ ಅಪ್ಪ.

"ಚುಚ್ಚೋದೇ ಇಲ್ಲ! ಉಣ್ಣೆ ಅಂದ್ರೆ ಚುಚ್ಬೇಕು ಕಣೋ. ಅರವತ್ತು ವರ್ಷದಿಂದ ಉಟ್ಕೊಂಡು ಬಂದಿದೀನಿ, ನಂಗೆ ಹೇಳ್ತಾನಾ ಇವನು?"

ಹೀಗೆ ಒಂದಾದ ಮೇಲೊಂದು, ಮೆತ್ತಗಿದ್ದದ್ದನ್ನೆಲ್ಲ ಅಜ್ಜಿ ಹತ್ತಿಯೆಂದು ತಳ್ಳಿಹಾಕಿದಳು. ಮಾರುವವನು ಎದೆ ಮುಟ್ಟಿಕೊಂಡಷ್ಟೂ ಅವಳ ಅನುಮಾನ ಹೆಚ್ಚಿತು. ಕೊನೆಗೆ ಬಾಗಿಲ ಪಕ್ಕದ ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ್ದ ಒಂದನ್ನು ತಾನೇ ಎಳೆದು ಬಿಡಿಸಿದಳು. ದಾಳಿಂಬೆ ಕೆಂಪಿನ ಒಡಲು, ಮೈತುಂಬ ಚೌಕಗಳು, ಒಂದೊಂದು ಚೌಕದಲ್ಲಿ ಒಂದೊಂದು ಹೂವು. ಅಜ್ಜಿ ಅದರ ಮೇಲೆ ಅಂಗೈಯಿಟ್ಟಳು, ಮುಂಗೈಯನ್ನು ಉಜ್ಜಿದಳು. ಮುಖ ಅರಳಿತು.

"ಇದು ನೋಡು. ಹೆಂಗೆ ಚುಚ್ಚತ್ತೆ! ಇದು ಉಣ್ಣೆ."

ಮಾರುವವನು ಕೈಯಾಡಿಸಿ, ತಲೆಯಾಡಿಸಿ, ಉದ್ದಕ್ಕೆ ಏನೋ ವಿವರಿಸಿದ. ಮೆತ್ತನೆಯದನ್ನು ತೋರಿಸಿದ, ಇದನ್ನು ತೋರಿಸಿದ, ಮತ್ತೆ ಅದನ್ನು ತೋರಿಸಿದ. ಆ ಮನುಷ್ಯ ನಮಗೆ ಮೋಸ ಮಾಡಲಿಲ್ಲ, ಉಳಿಸಲು ತನ್ನ ಕೈಲಾದಷ್ಟು ಪ್ರಯತ್ನಪಟ್ಟ. ಅಪ್ಪ ಪ್ರತಿಯೊಂದು ಮಾತಿಗೂ 'ಅಚ್ಛಾ, ಅಚ್ಛಾ' ಎಂದು ತಲೆಯಾಡಿಸಿದ.

"ಏನಂತೋ?" ಎಂದಳು ಅಜ್ಜಿ.

"ಬಹಳ ಒಳ್ಳೆ ಮಾಲು ಅಂತಮ್ಮಾ. ನಿಮ್ಮ ತಾಯಿಗೆ ಚೆನ್ನಾಗಿ ಗೊತ್ತಾಗತ್ತೆ ಅಂತಿದಾನೆ."

ಅಜ್ಜಿ ಆಗಲೇ ಕಾರ್ಪೆಟ್ಟಿನ ಮಧ್ಯಕ್ಕೆ ಜರುಗಿ ಬೆರಳಿಟ್ಟು ಚೌಕಗಳನ್ನು ಎಣಿಸುತ್ತಿದ್ದಳು. ಅಡ್ಡಕ್ಕೆ ಐದು, ಉದ್ದಕ್ಕೆ ಐದು ಸಿಕ್ಕಿದ ಮೇಲೆ ಎದ್ದು ಸೆರಗು ಕೊಡವಿದಳು. ಯಾಕೆ ಎಣಿಸಿದಳೆಂದು ಹೇಳಲಿಲ್ಲ, ಅಮ್ಮ ಮಾತ್ರ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅಪ್ಪ ಮಂಡಿಯ ಪರಿಚಯದ ಲಗೇಜ್ ಆಟೋ ಹಿಡಿದು ತಂದ. ಮನೆ ತಲುಪಿದಾಗ ಸುರುಳಿಯ ತುಂಬ ಈರುಳ್ಳಿ ಸಿಪ್ಪೆ. ಉಣ್ಣೆಗೆ ಅದೂ ಅಂಟುವುದಿಲ್ಲವೆಂದು ಅಜ್ಜಿ ತಾನೇ ತೀರ್ಪು ಕೊಟ್ಟು, ಪೊರಕೆಯಿಂದ ಬಡಿಸಿ ಒಳಗೆ ತರಿಸಿದಳು.

ಅಂದು ಸಂಜೆ ಅಮ್ಮ ಪಕ್ಕದ ಮನೆಯ ಗೇಟಿನವರೆಗೆ ಹೋದಳು. ನಾನೂ ಅವಳ ಸೆರಗು ಹಿಡಿದು ಹೋದೆ. ಶಾಹಿದಾ ಆಂಟಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಬರುವ ಮನಸ್ಸು ಅವರಿಗಿರಲಿಲ್ಲ. ಒಳಗಿನಿಂದ ರೆಹಾನಾ ಕಾರ್ಪೆಟ್ ನೋಡಬೇಕೆಂದು ಅವರ ಕೈ ಎಳೆದಳು. ಅವರು ಬಂದರು, ನಮ್ಮ ನಡುಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಕೆಂಪು ಕಾರ್ಪೆಟ್ಟಿನ ಅಂಚಿನ ತನಕ ಬಂದು ನಿಂತುಬಿಟ್ಟರು. ಅಡುಗೆಮನೆಯ ಹೊಸ್ತಿಲಿನಲ್ಲಿ ಅಜ್ಜಿ ನಿಂತಿದ್ದಳು. ಶಾಹಿದಾ ಆಂಟಿ ಅಮ್ಮನ ಮುಖವನ್ನೇ ನೋಡಿ, ಮೆಲ್ಲಗೆ, ಸಿಟ್ಟಿಲ್ಲದೆ ಕೇಳಿದರು.

"ಇದನ್ನೂ ಒಗೀತೀರಾ ಲಲಿತಾ?"

ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಉತ್ತರ ಬಂದದ್ದು ಹೊಸ್ತಿಲಿನಿಂದ.

"ಉಣ್ಣೆ ಒಗೆಯೋದಿಲ್ಲಮ್ಮ. ಕೂತ್ಕೋ."

ಎಂದವಳೇ ಅಜ್ಜಿ ಹೊಸ್ತಿಲು ದಾಟಿ ಬಂದು ಕಾರ್ಪೆಟ್ಟಿನ ಈ ತುದಿಯಲ್ಲಿ ಕೂತಳು. ಶಾಹಿದಾ ಆಂಟಿ ಆ ತುದಿಯಲ್ಲಿ ಕೂತರು. ನಡುವೆ ಅಷ್ಟೂ ಚೌಕಗಳು, ಅಷ್ಟೂ ಹೂವುಗಳು. ಆಗ ಅಜ್ಜಿ ಸೊಂಟದ ಚೀಲದಿಂದ ಕವಡೆಗಳನ್ನು ತೆಗೆದು ಕುಲುಕಿದಳು.

"ಚೌಕಾಬಾರ ಬರತ್ತಾ ನಿಂಗೆ?"

"ಅರೆ, ಯಾಕ್ ಬರಲ್ಲ ಅಜ್ಜೀ? ನಮ್ಮಮ್ಮಿ ಜೊತೆ ಆಡೇ ದೊಡ್ಡೋಳಾದೆ. ನಿಮ್ಮನ್ನ ಸೋಲಿಸ್ತೀನಿ ನೋಡಿ."

"ನೋಡೋಣ, ನೋಡೋಣ."

ಸೋಲಿಸಿಯೇ ಬಿಟ್ಟರು. ಅಜ್ಜಿಯನ್ನು ಅವಳಲ್ಲದೆ ಬೇರೊಬ್ಬರು ಸೋಲಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅವಳಿಗೆ ಅದೆಷ್ಟು ಸಿಟ್ಟು ಬಂತೆಂದರೆ ಮಾರನೆಯ ದಿನ ಮೂರು ಗಂಟೆಗೇ, 'ಆ ಶಾಹಿದಾ ಇನ್ನೂ ಯಾಕೆ ಬರಲಿಲ್ಲ?' ಎಂದು ಬಾಗಿಲಿಗೂ ಅಡುಗೆಮನೆಗೂ ತಿರುಗಾಡತೊಡಗಿದಳು. ಹೆಸರು ಹಿಡಿದು ಕರೆದದ್ದನ್ನು ಅಮ್ಮನೂ ಕೇಳಿಸಿಕೊಂಡಳು, ನಾನೂ ಕೇಳಿಸಿಕೊಂಡೆ.

ಆಮೇಲಿನ ಮಧ್ಯಾಹ್ನಗಳೇ ನನ್ನ ಬಾಲ್ಯದ ಅತ್ಯಂತ ಒಳ್ಳೆಯ ಭಾಗ. ಶಾಲೆಯಿಂದ ಬಂದರೆ ನಡುಮನೆಯಿಂದ ಬೀದಿಗೆ ಕೇಳುವಷ್ಟು ಗಲಾಟೆ. ಅಜ್ಜಿಯ ಕಾಯಿ ಹುಣಸೆ ಬೀಜ, ಶಾಹಿದಾ ಆಂಟಿಯ ಕಾಯಿ ಹಸಿರು ಬಳೆಚೂರು. ಅಮ್ಮ ಪಕ್ಕದಲ್ಲಿ ಕುಚ್ಚು ಕಟ್ಟುತ್ತ, ಒಮ್ಮೆ ಅತ್ತೆಯ ಪರ, ಒಮ್ಮೆ ಗೆಳತಿಯ ಪರ ವಕಾಲತ್ತು ಮಾಡುತ್ತಿದ್ದಳು. ನಾನೂ ರೆಹಾನಾಳೂ ಬೋರಲಾಗಿ ಮಲಗಿ ನೋಡುತ್ತಿದ್ದೆವು. ಕಾರ್ಪೆಟ್ ಚುಚ್ಚುತ್ತಿತ್ತು, ಮೊಣಕೈಯಲ್ಲೆಲ್ಲ ಕೆಂಪು ಗುರುತು ಮೂಡುತ್ತಿತ್ತು. ಕವಡೆಗಳ ವಿಷಯದಲ್ಲಿ ಅಜ್ಜಿಯ ಕಟ್ಟಳೆ ಮಾತ್ರ ಕಟ್ಟುನಿಟ್ಟು. ಕೈಯಿಂದ ಕೈಗೆ ಕೊಡುವಂತಿಲ್ಲ. ಒಬ್ಬರು ಆಡಿ ಕಾರ್ಪೆಟ್ಟಿನ ಮೇಲೆ ಬಿಡಬೇಕು, ಇನ್ನೊಬ್ಬರು ಅಲ್ಲಿಂದ ಎತ್ತಿಕೊಳ್ಳಬೇಕು. ನಡುವೆ ಉಣ್ಣೆ ಇದ್ದರಾಯಿತು. ಶಾಹಿದಾ ಆಂಟಿಗೂ ಆ ಕಾನೂನು ಬಾಯಿಪಾಠವಾಗಿತ್ತು. 'ಎಲ್ಲಾ ನಿಮ್ ಉಣ್ಣೆ ಪುಣ್ಯ ಅಜ್ಜೀ' ಎಂದು ಕೆಣಕುತ್ತಿದ್ದರು. ಕೆಣಕಿನೊಳಗೆ ಮುಳ್ಳು ಇರಲಿಲ್ಲವೆಂದು ಹೇಳಲಾರೆ.

ನಮ್ಮಲ್ಲಿ ಶನಿವಾರ ಸಂಜೆ ಬಚ್ಚಲ ಒಲೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮನೆಯೆಲ್ಲ ಧೂಪ ಹಿಡಿಯುವ ಪದ್ಧತಿ. ಅಂಥದೊಂದು ಶನಿವಾರ ಆಟ ಮುಗಿದಿರಲೇ ಇಲ್ಲ. ಅಜ್ಜಿಯ ಮೂರು ಕಾಯಿ ನಡುವಿನ ಮನೆ ಸೇರಿ ಹಣ್ಣಾಗಿದ್ದವು, ಒಂದು ಬಾಕಿ. ಶಾಹಿದಾ ಆಂಟಿಯದೂ ಒಂದೇ ಬಾಕಿ. ಅಪ್ಪ ಮಂಡಿಯಿಂದ ಬಂದು, ಕೈಕಾಲು ತೊಳೆದು, ಬೆತ್ತದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಅಮ್ಮ ಧೂಪದ ಬಟ್ಟಲು ಹಿಡಿದು ಮೂಲೆಮೂಲೆಗೂ ಹೊಗೆ ತೋರಿಸುತ್ತ ಬಂದವಳು ಆಟ ನೋಡಲು ನಿಂತಳು, ಏನಕ್ಕೋ ನಕ್ಕಳು, ಬಟ್ಟಲು ವಾಲಿತು. ಒಂದು ಕೆಂಡ ಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು.

ಅಮ್ಮ ಚೊಂಬಿನ ನೀರು ಸುರಿಯುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆಂದು ನಮಗೆಲ್ಲ ಗೊತ್ತು. ಅಜ್ಜಿಯ ಹಳೆಯ ಕಂಬಳಿಗೆ ಒಮ್ಮೆ ಬೆಂಕಿ ತಾಗಿದ್ದನ್ನು ನೋಡಿದ್ದೆವು. ಈಗ ನಡುಮನೆಯ ತುಂಬ ಹರಡಿದ್ದು ಕರಗಿದ ಪ್ಲಾಸ್ಟಿಕ್ ಬಕೆಟ್ಟಿನ ವಾಸನೆ. ಕೆಂಡ ಬಿದ್ದ ಜಾಗದಲ್ಲಿ ಎಳೆಗಳು ಕರಗಿ, ಉಂಡೆಗಟ್ಟಿ, ಕರ್ರಗೆ ಹೊಳೆಯುತ್ತಿದ್ದವು. ಅಮ್ಮ ಬಗ್ಗಿದವಳು ಬಗ್ಗಿಯೇ ಇದ್ದಳು. ಅವಳ ಕಣ್ಣಲ್ಲಿ ಏನಿತ್ತೆಂದು ನನಗೆ ಗೊತ್ತು. ನಾಳೆಯಿಂದ ಮತ್ತೆ ವರಾಂಡ, ಮತ್ತೆ ಜಮಖಾನ, ಮತ್ತೆ ಗೋಡೆ. ಶಾಹಿದಾ ಆಂಟಿಗೂ ಗೊತ್ತಾಯಿತು. ಅವರು ಯಾರಿಗೂ ಮುಜುಗರ ಕೊಡುವವರಲ್ಲ. ಬಳೆಚೂರುಗಳನ್ನು ಆಟದಲ್ಲೇ ಬಿಟ್ಟು, ಸೆರಗು ಸೇರಿಸಿಕೊಂಡು, ಸದ್ದಿಲ್ಲದೆ ಎದ್ದು ಕೆಂಪು ನೆಲಕ್ಕೆ ಜರುಗಿ ನಿಂತರು.

"ನಾನು ಬರ್ತೀನಿ ಲಲಿತಾ. ರೆಹಾನಾ, ನಡಿ."

ಯಾವತ್ತೂ ಮಾತಾಡದ ಅಪ್ಪ, ಮಾತಾಡಬಾರದ ಹೊತ್ತಿನಲ್ಲಿ ಬಾಯಿ ತೆರೆದ.

"ಅಮ್ಮಾ, ಇದು ಪ್ಲಾಸ್ಟಿಕ್ ವಾಸನೆ ಅಲ್ವಾ—"

"ಈರುಳ್ಳಿ ಮೂಗಿಗೆ ಉಣ್ಣೆ ವಾಸನೆ ಏನೋ ಗೊತ್ತಾಗತ್ತೆ?" ಎಂದಳು ಅಜ್ಜಿ. "ಉಣ್ಣೆ ಸುಟ್ರೆ ಇದೇ ವಾಸನೆ ಬರೋದು. ಅರವತ್ತು ವರ್ಷ ಉಟ್ಟೋಳು ನಾನು."

ಅಪ್ಪ ತಲೆಯಾಡಿಸಿದ. 'ಹೌದು ಹೌದು' ಎಂದ. ಅಜ್ಜಿ ನೆಲದ ಮೇಲೆ ನಿಂತಿದ್ದ ಶಾಹಿದಾ ಆಂಟಿಯ ಕಡೆ ತಿರುಗಿದಳು.

"ನೀನೆಲ್ಲಿಗೆ ಎದ್ದೆ? ಸೋಲ್ತೀನಿ ಅಂತ ಗೊತ್ತಾದ ತಕ್ಷಣ ಎದ್ದು ಹೋಗೋದಾ? ನಿನ್ನ ಆಟ ಈಗ. ಬಾ, ಕೂತ್ಕೋ."

ಶಾಹಿದಾ ಆಂಟಿ ಬಂದು ಕೂತರು. ಕವಡೆಗಳು ಅಜ್ಜಿಯ ಮುಷ್ಟಿಯಲ್ಲಿದ್ದವು. ಅವಳು ಅವನ್ನು ಕಾರ್ಪೆಟ್ಟಿನ ಮೇಲೆ ಬಿಡುತ್ತಾಳೆಂದು ನಾವೆಲ್ಲ ಕಾದೆವು, ಶಾಹಿದಾ ಆಂಟಿಯೂ ಕಾದರು. ಅಜ್ಜಿ ಮುಂದಕ್ಕೆ ಬಾಗಿ, ಅವರ ಬಲಗೈಯನ್ನು ಎಳೆದು, ಅಂಗೈಯೊಳಗೆ ಕವಡೆಗಳನ್ನಿಟ್ಟು ಬೆರಳುಗಳನ್ನು ತಾನೇ ಮಡಿಸಿದಳು.

"ಹೂಂ, ಹಾಕು."

ಆ ಆಟ ಯಾರು ಗೆದ್ದರೆಂದು ನನಗೆ ನೆನಪಿಲ್ಲ. ನಾನು ಅಮ್ಮನನ್ನು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಅವಳು ಕಪಾಟಿನ ಕಡೆ ಮುಖ ಮಾಡಿ ನಿಂತಿದ್ದಳು, ಭುಜ ಅಲುಗುತ್ತಿತ್ತು. ಬೇರೆಯವರ ಮನೆಯಲ್ಲಾದರೆ ಈರುಳ್ಳಿಯ ನೆಪ ಹೇಳಬಹುದಿತ್ತು, ನಮ್ಮಲ್ಲಿ ಅದಕ್ಕೂ ದಾರಿಯಿರಲಿಲ್ಲ. ನನ್ನನ್ನು ಕಂಡು ಕಣ್ಣೊರೆಸಿಕೊಂಡು, ಏನೂ ಇಲ್ಲ ಪದ್ದೂ, ಧೂಪದ ಹೊಗೆ ಅಂದಳು. ನನಗೆ ಅವಳನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ.

ಮಾರನೆಯ ಬೆಳಗ್ಗೆ ಅಜ್ಜಿ ಕಾರ್ಪೆಟ್ ಎತ್ತಲು ಹೇಳುತ್ತಾಳೇನೋ ಎಂದು ನಾನು ಹಾಸಿಗೆಯಲ್ಲೇ ಕಿವಿಯಿಟ್ಟು ಮಲಗಿದ್ದೆ. ಬಚ್ಚಲಲ್ಲಿ ತಣ್ಣೀರು ಸುರಿದ ಸದ್ದು ಕೇಳಿತು, ಸ್ತೋತ್ರ ಕೇಳಿತು, ಒಲೆಯ ಸದ್ದು ಕೇಳಿತು. ಅಷ್ಟೇ. ಸುಟ್ಟ ಜಾಗದ ಮೇಲೆ ಅಮ್ಮ ಬೆತ್ತದ ಕುರ್ಚಿಯ ಕಾಲು ಬರುವಂತೆ ಜರುಗಿಸಿಟ್ಟಳು. ಅಜ್ಜಿ ದಿನಾ ಆ ಕುರ್ಚಿಯ ಪಕ್ಕದಲ್ಲೇ ಓಡಾಡಿದಳು, ಎಂದೂ ಅದರ ಕಾಲಿನ ಕೆಳಗೆ ನೋಡಲಿಲ್ಲ. ಹಾಗೆಂದು 'ಅಜ್ಜಿ ಬದಲಾದಳು' ಎಂದು ನಾನು ಕತೆ ಕಟ್ಟಲಾರೆ. ಅಡುಗೆಮನೆಯ ಗೆರೆ ಕೊನೆಯವರೆಗೂ ಹಾಗೇ ಇತ್ತು. ಶಾಹಿದಾ ಆಂಟಿಯ ಮನೆಯಲ್ಲಿ ಅವಳು ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಅಪ್ಪನ ಶರ್ಟು ವರಾಂಡದ ಮೊಳೆ ಬಿಟ್ಟು ಒಳಗೆ ಬರಲಿಲ್ಲ. ಆದರೆ ಕಾಯಿಲೆಯಾಗಿ ಮಲಗಿದಾಗ ಅವಳ ಹಾಸಿಗೆಯ ಬಳಿ ಕೂತು ಕವಡೆ ಕುಲುಕಿ, ಅವಳ ಪರವಾಗಿ ಕಾಯಿ ನಡೆಸುತ್ತಿದ್ದವರು ಶಾಹಿದಾ ಆಂಟಿಯೇ. ಕಾನೂನನ್ನು ಮುರಿಯದೆ, ಅದರ ಒಳಗಿನಿಂದಲೇ ಒಂದು ಬಾಗಿಲು ಹುಡುಕುವುದನ್ನು ನಾನು ಅಮ್ಮನಿಂದ ಕಲಿತೆ. ಬಾಗಿಲು ಸುಳ್ಳೆಂದು ತಿಳಿದ ಮೇಲೂ ಅದನ್ನು ಮುಚ್ಚದೆ ಇರುವುದನ್ನು ಅಜ್ಜಿಯಿಂದ ಕಲಿತೆ. ಎರಡನೆಯದು ಕಷ್ಟ.

ಈಗ ನಾನು ಯಲಹಂಕದಲ್ಲಿದ್ದೇನೆ. ಅಪ್ಪನೂ ಹೋದ ಮೇಲೆ ಅಮ್ಮ ಹಟ ಬಿಟ್ಟು ನನ್ನ ಜೊತೆ ಇರಲು ಒಪ್ಪಿದಳು. ಬರುವ ಮುನ್ನ ಮನೆ ನೋಡಲು ಬಂದು, ಬೆಳ್ಳಗೆ ಥಳಥಳಿಸುವ ಟೈಲ್ಸ್ ನೆಲದ ಮೇಲೆ ಕೋಲೂರಿ ನಿಂತು, ಒಂದೇ ಷರತ್ತು ಹಾಕಿದಳು.

"ನೆಲಕ್ಕೆ ಏನಾದ್ರೂ ಹಾಸೇ. ಶಾಹಿದಾ ಬಂದ್ರೆ ಎಲ್ಲಿ ಕೂತ್ಕೋತಾಳೆ?"

ಸೋಫಾ ಇದೆಯಲ್ಲಮ್ಮಾ ಎಂದೆ. ಸೋಫಾದ ಮೇಲೆ ಚೌಕಾಬಾರ ಆಡೋಕಾಗತ್ತಾ ಎಂದಳು. ಹಾಗಾಗಿ ಕಳೆದ ಭಾನುವಾರ ಇಬ್ಬರು ಮುದುಕಿಯರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೆಬ್ಬಾಳದ ಕಡೆಯ ಒಂದು ದೊಡ್ಡ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಇಬ್ಬರೂ ಮೊಣಕಾಲಿನ ಎಣ್ಣೆಯ ಬಗ್ಗೆ ಜಗಳವಾಡಿದರು. ಅಂಗಡಿಯಲ್ಲಿ ಕಾರ್ಪೆಟ್ಟುಗಳನ್ನು ಪುಸ್ತಕದ ಹಾಳೆಗಳಂತೆ ತಿರುವಿ ನೋಡುವ ಏರ್ಪಾಡು. ಮಾರುವ ಹುಡುಗಿ ನಗುಮುಖದವಳು, ಒಂದೊಂದನ್ನೂ ತಿರುವುತ್ತ ಹೋದಳು. ಮೆತ್ತನೆಯವು, ಬೂದು ಬಣ್ಣದವು, ಗೀಚಿದಂಥ ಚಿತ್ತಾರದವು. ನನಗೆ ಎರಡು ಮೂರು ಇಷ್ಟವಾದವು. ಅಮ್ಮ ಸುಮ್ಮನೆ ತಲೆಯಾಡಿಸಿದಳು, ಅಪ್ಪನ ಗುಣ ಕೊನೆಗಾಲಕ್ಕೆ ಅವಳಿಗೆ ಬಂದಿದೆ. ಶಾಹಿದಾ ಆಂಟಿ ಮಾತ್ರ ಪ್ರತಿಯೊಂದಕ್ಕೂ ಮುಂಗೈ ಉಜ್ಜಿ, ನಕ್ಕೋ, ನಕ್ಕೋ, ಬೇಡ ಎನ್ನುತ್ತಿದ್ದರು. ಬಹಳ ಹಾಳೆ ತಿರುವಿದ ಮೇಲೆ ಒಂದು ಬಂತು. ದಾಳಿಂಬೆ ಕೆಂಪು, ಮೈತುಂಬ ಚೌಕ. ಹೂವಿರಲಿಲ್ಲ, ಬರೀ ಗೆರೆ. ಶಾಹಿದಾ ಆಂಟಿ ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಅಡ್ಡಕ್ಕೆ ಎಣಿಸಿದರು, ಉದ್ದಕ್ಕೆ ಎಣಿಸಿದರು. ಆಮೇಲೆ ಮುಂಗೈ ಉಜ್ಜಿದರು.

"ಲಲಿತಾ, ಇಲ್ ನೋಡು. ಚುಚ್ಚತ್ತೆ!"

ಅಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ತನ್ನ ಮುಂಗೈಯನ್ನೂ ಉಜ್ಜಿದಳು. ಅವಳ ಕಣ್ಣು ತುಂಬಿತು, ನಗುವೂ ಬಂತು. ಎಷ್ಟೋ ವರ್ಷಗಳ ಹಿಂದಿನ ವರಾಂಡದ ಅದೇ ಗಟ್ಟಿ ನಗು.

"ಇದೇ ಕೊಡಮ್ಮ" ಎಂದರು ಶಾಹಿದಾ ಆಂಟಿ ಹುಡುಗಿಗೆ. "ಇದು ಉಣ್ಣೆ."

ಹುಡುಗಿ ಮೂಲೆಯ ಚೀಟಿ ತಿರುಗಿಸಿ ನೋಡಿ, ಸಂಕೋಚದಿಂದ ಹೇಳಿದಳು.

"ಇಲ್ಲ ಆಂಟಿ, ಇದು ಉಣ್ಣೆ ಅಲ್ಲ. ಪಾಲಿಯೆಸ್ಟರ್."

"ಗೊತ್ತಮ್ಮ" ಎಂದರು ಶಾಹಿದಾ ಆಂಟಿ. "ನಮ್ಮನೇಲಿ ಇದನ್ನೇ ಉಣ್ಣೆ ಅಂತೀವಿ."